ಬೇಲಿಗೆ ಹೋದ ದೀಪದ ಬ್ಯಾಟರಿ

ಅಂಗಡಿಯ ಗಾಜಿನ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತ ವಸ್ತುಗಳು ಪರಸ್ಪರ ಎಷ್ಟು ಸೌಜನ್ಯದಿಂದ ಇರುತ್ತವೆ ಎಂಬುದನ್ನು ನೀವು ಗಮನಿಸಿರಬಹುದು. ಮನೆ ಸೇರಿದ ಮೇಲೆ ಅವುಗಳ ನಡವಳಿಕೆಯೇ ಬೇರೆ. ಇದು ನನಗೆ ತಿಳಿದದ್ದು ಮೊಬೈಲು ಹಳ್ಳಿಗಳಿಗೆ ಆಗಷ್ಟೇ ಕಾಲಿಡುತ್ತಿದ್ದ ವರ್ಷಗಳಲ್ಲಿ, ರೆಹಾನಾ ಎಂಬ ಯುವ ಎಂಜಿನಿಯರ್ ಗೆಳೆಯರೊಡನೆ ಗುಂಡ್ಲುಪೇಟೆಯಲ್ಲಿ ತೆರೆದಿದ್ದ ಪುಟ್ಟ ಕಂಪನಿಯ ದೆಸೆಯಿಂದ. ಸೋಲಾರ್ ದೀಪ, ಹಂದಿಯನ್ನು ಸಣ್ಣ ಶಾಕ್ ಕೊಟ್ಟು ಹೆದರಿಸುವ ಬೇಲಿಯಂತ್ರ, ಟೀವಿಯ ಸ್ಟೆಬಿಲೈಸರ್, ಎಲ್ಲವನ್ನೂ ಅವರೇ ತಯಾರಿಸುತ್ತಿದ್ದರು. ಉತ್ಪನ್ನ ವೈವಿಧ್ಯ ಹೆಚ್ಚಿದರೂ ದಾಸ್ತಾನು ಹೆಚ್ಚಬಾರದೆಂದು ದೀಪಕ್ಕೂ ಬೇಲಿಗೂ ಒಂದೇ ಅಳತೆಯ ಬ್ಯಾಟರಿ ಇಟ್ಟದ್ದು ಅವರ ಹೆಮ್ಮೆ.

ಆ ದೀಪದ ಪರವಾಗಿ ಮಹಿಳಾ ಸಂಘಗಳಲ್ಲಿ ಊರೂರು ಸುತ್ತಿ ಮಾತಾಡಿದವನು ನಾನು. ಉರಿಯುತ್ತಿದೆಯೇ ಎಂದು ಕೇಳಿ, 'ಇಲ್ಲ' ಎಂಬ ಉತ್ತರಗಳನ್ನು ನಿಷ್ಠೆಯಿಂದ ಹೊತ್ತು ತಂದವನೂ ನಾನೇ. ಅವನ್ನು ಕೇಳಿ ಕಂಪನಿ ದೀಪವನ್ನೇ ಕೈಬಿಡಲು ನಿಶ್ಚಯಿಸಿದಾಗ, ಲಾಭಕೋರತನ, ಪ್ರಭುತ್ವದ ನಿರ್ಲಕ್ಷ್ಯ, ಪುರುಷಪ್ರಾಧಾನ್ಯ ಎಂದು ಒಂದೊಂದನ್ನೂ ಹೆಸರಿಸಿ ಖಂಡಿಸಿದೆ. ರೆಹಾನಾ ಚಹಾ ಮುಗಿಯುವವರೆಗೆ ಕೇಳಿ, "ಸಾರ್, ಅನ್ಯಾಯ ಯಾರ್ದು ಅಂತ ಆಮೇಲ್ ನೋಡನ. ಮೊದ್ಲು ದೀಪ ಯಾಕ್ ಉರಿತಿಲ್ಲ ಅಂತ ನೋಡನ, ಬನ್ನಿ" ಎಂದಳು.

ನಾವು ಹೋದದ್ದು ಬೇಗೂರಿನ ಪುಟ್ಟಮ್ಮನ ಮನೆಗೆ. ಅವಳು ಸಂಜೆ ಹೂ ಕಟ್ಟಿ ಮಾರಾಟಕ್ಕೆಂದು ಮುಂಜಾನೆಯ ಬಸ್ಸಿಗೆ ಹಾಕುವವಳು. ಅವಳ ಸ್ವಂತ ಸಂಪಾದನೆಯೆಂದರೆ ಅದೊಂದೇ. ದೀಪವಿಲ್ಲದೆ ಅರ್ಧ ಹೂ ಕಟ್ಟದೆಯೇ ಬಾಡುತ್ತಿತ್ತು. ರೆಹಾನಾ ದೀಪದ ತಳ ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿಯೇ ಇರಲಿಲ್ಲ.

"ಅದ ನಮ್ಮೋರು ಬೇಲಿಗೆ ಆಕವ್ರೆ ಕಣವ್ವಾ. ಅಲ್ಲಿದ್ದುದು ಸತ್ತೋಯ್ತು," ಎಂದಳು ಪುಟ್ಟಮ್ಮ.

ಹೆಂಡತಿಯ ಬೆಳಕನ್ನು ಗಂಡನ ಹೊಲ ಕಸಿದುಕೊಂಡ ಈ ಪ್ರಸಂಗ ನನ್ನ ಭಾಷಣಕ್ಕೆಂದೇ ಸೃಷ್ಟಿಯಾದಂತಿತ್ತು. ಒಂದರ ಬ್ಯಾಟರಿ ಇನ್ನೊಂದಕ್ಕೆ ಹೊಂದದಂತೆ ಬದಲಿಸಬೇಕೆಂದು ಗಂಭೀರವಾಗಿ ಸೂಚಿಸಿದೆ.

"ಸುಮ್ನಿರಿ ಸಾಮಿ," ಎಂದಳು ಪುಟ್ಟಮ್ಮ. "ಜೋಳನೆಲ್ಲ ಅಂದಿ ತಿಂದ್ಬುಟ್ರೆ ದೀಪ ಅಚ್ಕಂಡು ಏನ್ ಉಣ್ಣನ?"

ಬೇಲಿಗೆ ಬೇರೆ ಬ್ಯಾಟರಿ ತರಬಹುದಿತ್ತಲ್ಲ ಎಂದು ರೆಹಾನಾ ಅವಳ ಗಂಡ ಮಾದಪ್ಪನನ್ನು ಕೇಳಿದಳು.

"ನಿಮ್ ಅಂಗ್ಡಿಗೆ ಬಂದಿದ್ನಲ್ಲವ್ವ. ಬರೀ ಬ್ಯಾಟ್ರಿ ಮಾರಕಿಲ್ಲ, ಒಸಾ ಮಿಸಿನ್ನೇ ತಗೊ ಅಂದ್ರು ನಿಮ್ಮೋರು."

ಬಿಡಿಭಾಗ ಮಾರಲು ನಾವೇನು ರಿಪೇರಿ ಅಂಗಡಿಯೇ ಎಂದು ಮಾಡಿದ ಆ ನಿಯಮ ರೆಹಾನಾಳದೇ. ಕಪಾಟಿಗೆ ಇನ್ನೇನು ಸೇರಿಸಬೇಕು, ಅದರಿಂದ ಏನನ್ನು ತೆಗೆಯಬೇಕು ಎಂದು ಚರ್ಚಿಸುತ್ತಿದ್ದ ನಮ್ಮಲ್ಲಿ ಯಾರೂ, ಮನೆಯೊಳಗೆ ಯಾವ ವಸ್ತು ಯಾವುದರ ಅನ್ನ ಉಣ್ಣುತ್ತಿದೆಯೆಂದು ನೋಡಲು ಹೊಸಿಲು ದಾಟಿರಲಿಲ್ಲ.

ದೀಪ ಉಳಿಯಿತು, ಬ್ಯಾಟರಿ ಬಿಡಿಯಾಗಿಯೂ ಮಾರಾಟಕ್ಕೆ ಬಂತು. ಮತ್ತೊಮ್ಮೆ ಬೇಗೂರಿಗೆ ಹೋದಾಗ ಪುಟ್ಟಮ್ಮ ಬೆಳಕಿನಲ್ಲಿ ಹೂ ಕಟ್ಟುತ್ತಿದ್ದಳು. ಹೊಲದಿಂದ ಬಂದ ಮಾದಪ್ಪ ದೀಪದ ಕಡೆ ಒಮ್ಮೆ ನೋಡಿದ. ಪುಟ್ಟಮ್ಮ ತಲೆಯೆತ್ತದೆಯೇ ಹೇಳಿದಳು:

"ಬೇಲಿದು ಸತ್ರೆ ಗುಂಡ್ಲುಪೇಟೆ ಬಸ್ ಅತ್ಕಂಡ್ ಓಗು. ಇದ್ಕೆ ಕೈ ಇಕ್ಬ್ಯಾಡ."

ಖಂಡಿಸಲು ನನಗೇನೂ ಉಳಿದಿರಲಿಲ್ಲ. ಅವಳು ಚಾಚಿದ ದಾರದ ತುದಿಯನ್ನು ಹಿಡಿದು ಕುಳಿತೆ.