ಅಪ್ಪನ ಪಾದ, ತಂಗಿಯ ಶೂ

ಇವತ್ತು ಭಾನುವಾರ. ಬೆಳಗ್ಗೆ ಮನೆ ಮುಂದಿನ ಮೆಟ್ಟಿಲ ಮೇಲೆ ಕೂತು ಹೊಸ ಶೂ ಡಬ್ಬದ ಮುಚ್ಚಳ ತೆಗೆದೆ. ರಬ್ಬರು, ಅಂಟು, ಒಳಗೆ ತುರುಕಿದ ತೆಳು ಕಾಗದ ಎಲ್ಲ ಸೇರಿದ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಬಹಳ ಜನಕ್ಕೆ ಅದು ಶಾಲೆ ಶುರುವಾಗುವ ಹಿಗ್ಗಿನ ವಾಸನೆ. ನನಗೆ ಮಾತ್ರ ಹೊಟ್ಟೆಕಿಚ್ಚಿನ ವಾಸನೆ. ಐವತ್ತು ದಾಟಿದ ಹೆಂಗಸು ಹೀಗೆಲ್ಲ ಹೇಳಬಾರದೇನೋ. ಆದರೆ ಕೇಳಲು ಕೂತಿದ್ದೀರಿ, ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ?

ಇದಕ್ಕೆಲ್ಲ ಕಾರಣ ನನ್ನ ತಂಗಿ ವತ್ಸಲ. ನಮ್ಮಪ್ಪನಿಗೆ ಮಂಡಿ ಮೊಹಲ್ಲಾದಲ್ಲಿ ಹಗ್ಗ, ಗೋಣಿಚೀಲದ ಸಗಟು ಅಂಗಡಿಯಿತ್ತು. ಅವರ ಪಾದ ಬೆರಳುಗಳ ಕಡೆ ಮೊರದ ಹಾಗೆ ಹರಡಿಕೊಂಡಿತ್ತು. ಅದು ನನಗೆ ಬಂತು. ಅಮ್ಮನ ನೀಳವಾದ, ತೆಳ್ಳನೆಯ ಪಾದ ವತ್ಸಲೆಯ ಪಾಲಾಯಿತು. ನಾನು ದೊಡ್ಡವಳಾದ್ದರಿಂದ ನನ್ನ ಲಂಗ, ಸ್ವೆಟರು, ಸ್ಕೂಲ್ ಬ್ಯಾಗು ಎಲ್ಲ ಅವಳಿಗೆ ಇಳಿಯುತ್ತಿದ್ದವು. ಶೂ ಮಾತ್ರ ಇಳಿಯಲೇ ಇಲ್ಲ, ಅದರೊಳಗೆ ಅವಳ ಕಾಲು ಈಜಾಡುತ್ತಿತ್ತು. ಹಾಗಾಗಿ ಪ್ರತಿ ಜೂನಿನಲ್ಲೂ ಅವಳಿಗೆ ಹೊಚ್ಚ ಹೊಸದು, ಬಕಲ್ ಮೇಲೆ ಪುಟ್ಟ ಹೂವಿರುವುದು. ನನಗೆ ಗಂಡುಹುಡುಗರ ಲೇಸಿನ ಶೂ.

"ಹೆಣ್ಮಕ್ಕಳ ಶೂನಲ್ಲಿ ಈ ಅಗಲ ಬರಲ್ಲ ಕಣ್ರೀ" ಎಂದು ಅಂಗಡಿಯವರು ಹೇಳಿದರೆ ಅಪ್ಪ ಎದೆಯುಬ್ಬಿಸಿ ನಗುತ್ತಿದ್ದರು. "ನನ್ ಮಗಳು! ಇನ್ನೆಂಗಿರುತ್ತೆ?" ಅವರ ಹೆಮ್ಮೆಯನ್ನು ಕಟ್ಟಿಕೊಂಡು ನನಗೇನಾಗಬೇಕಿತ್ತು? ನನಗೆ ಹೂವು ಬೇಕಿತ್ತು.

ಆಮೇಲೆ ಮದುವೆ, ಮಕ್ಕಳು. ನಾನು ವಿಜಯನಗರಕ್ಕೆ ಬಂದೆ, ಅವಳು ಪಕ್ಕದ ಹಿನಕಲ್ಲಿಗೆ. ಸೀರೆಗೆ ಚಪ್ಪಲಿ ಸಾಕು, ಚಪ್ಪಲಿಗೆ ಎಂಥ ಕಾಲಾದರೂ ಸರಿ. ಹೀಗೆ ಎಷ್ಟೋ ವರ್ಷ ನನ್ನ ಹೊಟ್ಟೆ ತಣ್ಣಗಿತ್ತು. ಈಚೆಗೆ ಸೈಕಲ್ ಶುರುವಾದಾಗ ಮತ್ತೆ ಹೊತ್ತಿಕೊಂಡಿತು. ಸೈಕಲ್ ಹತ್ತಿದವಳು ಮೊದಲು ನಾನು, ದಯವಿಟ್ಟು ಗಮನಿಸಿ. "ಅಕ್ಕ, ನಾನೂ ಬರ್ತೀನಿ ಕಣೇ" ಎಂದು ಅವಳು ಹಿಂದಿನಿಂದ ಸೇರಿಕೊಂಡವಳು. ಒಂದೇ ಮಳೆಗಾಲ ಕಳೆಯುವುದರೊಳಗೆ ಊರ ಪಕ್ಕದ ಬೆಟ್ಟದ ರಸ್ತೆಯಲ್ಲಿ ನನ್ನನ್ನು ಹಿಂದೆ ಹಾಕತೊಡಗಿದಳು. ಸಾಲದ್ದಕ್ಕೆ ಸೈಕ್ಲಿಂಗ್ ಶೂ ಬೇರೆ ತಂದಳು. ಅಡಿಯಲ್ಲೊಂದು ಬಿಲ್ಲೆ ಇರುತ್ತದೆ, ಪೆಡಲ್ಲಿಗೆ ಟಕ್ ಎಂದು ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಮೊದಲು ಹಾಕಿ ನೋಡಿದ ಜೋಡಿಯೇ ಅವಳಿಗೆ ಸರಿಹೋಯಿತಂತೆ. ಮೊದಲ ಜೋಡಿಯೇ!

ನಾನು ಊರಿನ ಸೈಕಲ್ ಅಂಗಡಿಗಳನ್ನೆಲ್ಲ ಸುತ್ತಿದೆ. "ಉದ್ದ ಬೇಕಾದ್ರೆ ಕೊಡ್ತೀನಿ ಮೇಡಂ, ಅಗಲ ಎಲ್ಲಿಂದ ತರ್ಲಿ?" ಎಂದರು ಒಬ್ಬರು. ಉದ್ದದ್ದನ್ನೇ ಕೊಂಡೆ. ಹಿಂದೆ ಹಿಮ್ಮಡಿ ಜಾರುತ್ತಿತ್ತು, ಮುಂದೆ ಕಿರುಬೆರಳು ಜಜ್ಜುತ್ತಿತ್ತು. "ಹೇಗಿದೆ ಅಕ್ಕ?" ಎಂದು ವತ್ಸಲ ಕೇಳಿದಾಗ, "ಬೆಣ್ಣೆ ಹಾಗಿದೆ" ಎಂದೆ.

ಆ ಬೆಣ್ಣೆಯಂಥ ಶೂನಲ್ಲೇ ಒಂದು ಬೆಳಗ್ಗೆ ಹಿನಕಲ್ ಸಿಗ್ನಲ್ಲಿನಲ್ಲಿ ಬ್ರೇಕ್ ಹಿಡಿದೆ. ಕಾಲು ಜೋಮು ಹಿಡಿದಿತ್ತು. ಹಿಮ್ಮಡಿ ತಿರುಗಿಸಲು ಹೋದರೆ ಹಿಮ್ಮಡಿ ಎಲ್ಲಿದೆ ಎಂದೇ ತಿಳಿಯಲಿಲ್ಲ. ಸೈಕಲ್ ನಿಂತಿತು, ನಾನು ಅದರ ಮೇಲೆ ಒಂದು ಗಳಿಗೆ ನಿಂತೆ, ಇಬ್ಬರೂ ನಿಧಾನವಾಗಿ ಮಗ್ಗುಲಿಗೆ ಉರುಳಿದೆವು. ಎಳನೀರು ಗಾಡಿಯವರು ಮಚ್ಚು ಕೆಳಗಿಟ್ಟು ಓಡಿಬಂದರು. "ಏನ್ರಮ್ಮ, ನಿಂತಿರೋ ಸೈಕಲ್ಲಿಂದ ಎಂಗ್ ಬಿದ್ಬುಟ್ರಿ?"

ಜೊತೆಗಿದ್ದ ವತ್ಸಲ ನಗಬಹುದಿತ್ತು. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವಳು ಫುಟ್‌ಪಾತಿನ ಮೇಲೆ ಕೂತು ನನ್ನ ಶೂ ಬಿಚ್ಚಿದಳು. ಕಿರುಬೆರಳಿನ ಉಗುರು ಕಪ್ಪಾಗಿತ್ತು. ಸುತ್ತ ಶೂ ಹೊಲಿಗೆಯ ಅಚ್ಚು ಎದ್ದಿತ್ತು. ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೋಡಿದಳು.

"ಇದು ಅಪ್ಪನ ಕಾಲು ಕಣೇ ಅಕ್ಕ. ಹಿಂಗ್ಯಾಕೆ ಹಿಂಸೆ ಮಾಡ್ತೀಯ?"

"ನಿಂಗೇನು, ಎಲ್ಲಾ ಸರಿಹೋಗುತ್ತೆ" ಎಂದೆ. ಧ್ವನಿ ನಾನೆಣಿಸಿದ್ದಕ್ಕಿಂತ ಕಹಿಯಾಗಿ ಹೊರಬಂತು. ಇಬ್ಬರೂ ಸೈಕಲ್ ತಳ್ಳಿಕೊಂಡು ಮನೆಗೆ ಬಂದೆವು.

ಅಂದು ಸಂಜೆ ಹಳೇ ಪೇಪರು, ಪೆನ್ಸಿಲು ಹಿಡಿದು ಬಂದಳು. "ಕೂತ್ಕೊಂಡ್ರೆ ಆಗಲ್ಲ, ನಿಂತ್ಕೋ. ಭಾರ ಬಿದ್ರೇ ಕಾಲು ಹರಡೋದು. ಸಂಜೆ ಹೊತ್ತು ಊದಿಕೊಂಡೂ ಇರುತ್ತೆ, ಅದೇ ಅಳತೆ ಬೇಕು." ನೆಲದ ಮೇಲೆ ಮಂಡಿಯೂರಿ ಎರಡೂ ಪಾದದ ಸುತ್ತ ಗೆರೆ ಎಳೆದು ಕತ್ತರಿಸಿಕೊಂಡು ಹೋದಳು. ಆಮೇಲೆ ಗೊತ್ತಾಯಿತು, ಆ ಕಾಗದದ ಪಾದಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಅವಳು ಅಂಗಡಿ ಅಂಗಡಿ ಅಲೆಯುತ್ತಿದ್ದಳು, ಬೆಂಗಳೂರಿಗೆ ಮದುವೆಗೆ ಹೋದಾಗಲೂ. ಶೂ ಒಳಗಿನ ಮೆತ್ತೆ ತೆಗೆಸಿ, ಅದರ ಮೇಲೆ ಕಾಗದ ಇಟ್ಟು, ಹೊರಗೆ ಚಾಚಿಕೊಂಡರೆ "ಇದಲ್ಲ" ಎಂದು ಎದ್ದು ಬರುವುದು. ಕೊನೆಗೂ ಸಿಕ್ಕಿತು. ಗಂಡಸರದ್ದು, ಅಗಲ ಪಾದಕ್ಕೆಂದೇ ಮಾಡಿದ್ದು. ನಿನ್ನೆ ತಂದುಕೊಟ್ಟಳು. ಖುಷಿಪಡಬೇಕಾದ ನಾನು ಏನು ಯೋಚಿಸಿದೆ ಗೊತ್ತೇ? ನನ್ನ ಕಾಲಿಗೆ ಶೂ ಹುಡುಕುವುದರಲ್ಲೂ ಇವಳೇ ಗೆದ್ದಳಲ್ಲ!

ಇವತ್ತು ಅದನ್ನೇ ಹಾಕಿಕೊಂಡು ಬೆಟ್ಟ ಹತ್ತಿದೆವು. ಬೆರಳುಗಳು ಹಾಸಿಗೆಯಲ್ಲಿ ಮಲಗಿದಂತೆ ಹರಡಿಕೊಂಡಿದ್ದವು. ಹಿಮ್ಮಡಿ ಅಲುಗಲಿಲ್ಲ. ಜೋಮಿಲ್ಲ, ಉರಿಯಿಲ್ಲ. ಆದರೂ ಎರಡನೇ ತಿರುವು ಬರುವಷ್ಟರಲ್ಲಿ ವತ್ಸಲ ನನ್ನಿಂದ ದೂರವಾಗುತ್ತಿದ್ದಳು. ಇಷ್ಟು ದಿನ ಹಿಂದೆ ಬಿದ್ದದ್ದಕ್ಕೆ ದೂರಲು ಶೂ ಇತ್ತು. ಈಗ ಅದೂ ಇಲ್ಲ.

"ವತ್ಸಿ, ನಿಲ್ಲೇ!" ಎಂದು ಕೂಗಿದೆ. ಅವಳನ್ನು ನಿಲ್ಲೆಂದು ನಾನು ಕೇಳಿದ್ದು ಅದೇ ಮೊದಲು.

ಗಾಬರಿಯಿಂದ ಕಾಲೂರಿ ತಿರುಗಿದಳು. "ಏನಾಯ್ತೇ? ಕಾಲು ನೋಯ್ತಾ?"

"ಇಲ್ಲ. ಶೂ ಚೆನ್ನಾಗಿದೆ. ನೀನು ಜೋರಾಗಿ ಹೊಡೀತೀಯ, ನಂಗೆ ಆಗಲ್ಲ."

ಅವಳು ನನ್ನನ್ನೇ ನೋಡಿದಳು. "ಹಂಗಾದ್ರೆ ನೀನು ಮುಂದೆ ಹೋಗು. ನಾನು ಹಿಂದೆ ಬರ್ತೀನಿ."

"ಬೇಡ. ನೀನೇ ಹೋಗು. ಕಣ್ಣಿಗೆ ಕಾಣೋಷ್ಟು ದೂರ ಇರು, ಅಷ್ಟೇ."

ಹೋದಳು. ಹೊಟ್ಟೆಕಿಚ್ಚು ಆರಿತು ಎಂದು ನಿಮಗೆ ಸುಳ್ಳು ಹೇಳಲಾರೆ. ಅವಳ ಉಸಿರಿನ ಮೇಲೆ, ಅವಳ ಮಂಡಿಯ ಮೇಲೆ, ಏರಿನಲ್ಲೂ ಬಾಗದ ಅವಳ ಬೆನ್ನಿನ ಮೇಲೆ ಅದು ಚೆನ್ನಾಗಿಯೇ ಉರಿಯುತ್ತಿತ್ತು. ಆ ಬೆನ್ನು ತಿರುವಿನಲ್ಲಿ ಮರೆಯಾಗುವುದು, ಮರೆಯಾದೊಡನೆ ನಾನು ಜೋರಾಗಿ ತುಳಿಯುವುದು, ಅದು ಮತ್ತೆ ಕಾಣಿಸುವುದು. ಹೀಗೇ ಮೇಲಿನವರೆಗೂ ಹೋದೆವು.