ಪೇರಲ ಟೊಂಗೆ ಮುಟ್ಟಿದ ಪಂಚಮಿ

ನನ್ನ ತವರುಮನೆಯ ಹಿತ್ತಲಲ್ಲಿ ಒಂದು ಬೇವಿನ ಮರ, ಅದರ ಎದುರಿಗೆ ಒಂದು ಪೇರಲ ಗಿಡ. ಧಾರವಾಡದ ಎಷ್ಟೋ ಹಿತ್ತಲುಗಳಲ್ಲಿ ಇರುವಂಥವೇ. ಆದರೆ ನಾಗರ ಪಂಚಮಿ ಬಂತೆಂದರೆ ಈ ಎರಡರ ನಡುವಿನ ಜಾಗಕ್ಕೆ ಭಾರೀ ಕಿಮ್ಮತ್ತು. ಬೇವಿಗೆ ಅಪ್ಪ ಜೋಕಾಲಿ ಕಟ್ಟುತ್ತಾನೆ. ಅವ್ವ ಅದರ ಮೇಲೆ ನಿಂತು ಜೀಕುತ್ತಾಳೆ. ಜೀಕುತ್ತ ಜೀಕುತ್ತ ಪೇರಲದ ಮೇಲಿನ ಟೊಂಗೆಯನ್ನು ಕಾಲಿನಿಂದ ಮುಟ್ಟಬೇಕು. ಮುಟ್ಟುವ ತನಕ ಉಂಡಿಯ ಡಬ್ಬಿಯ ಮುಚ್ಚಳ ತೆಗೆಯುವಂತಿಲ್ಲ. ಈ ಪದ್ಧತಿ ಬೇರೆ ಯಾರ ಮನೆಯಲ್ಲೂ ಇಲ್ಲ. ಅವ್ವ ಮದುವೆಯಾಗಿ ಬಂದ ವರ್ಷ ತಾನೇ ಹಾಕಿದ್ದು, ಆಮೇಲೆ ಅದೇ ಶಾಸ್ತ್ರವಾಯಿತು.

ನಾನು ಸಣ್ಣವಳಿದ್ದಾಗ ಅವ್ವ ನಾಲ್ಕನೇ ಜೀಕಿಗೆ ಟೊಂಗೆ ಮುಟ್ಟುತ್ತಿದ್ದಳು. ನಾನೀಗ ಹೇಳಹೊರಟ ವರ್ಷ ಅವಳಿಗೆ ಅರವತ್ತಮೂರು. ‘ಸಾಕು ಬಿಡವ್ವಾ, ಈ ಸಲ ಕೂತು ಜೀಕು’ ಅಂದರೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು.

“ಕೂತು ಜೀಕಾಕ ನಾ ಏನ್ ತೊಟ್ಟಿಲದಾಗಿನ ಕೂಸೇನ? ನೀ ಮುಟ್ಟಿ ತೋರಸು ಮೊದಲ.”

ನಾನು ಎಂದೂ ಮುಟ್ಟಿಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತು.

ಪ್ರತಿ ವರ್ಷ ಅಪ್ಪ ಪುಂಡಿನಾರಿನ ಹಗ್ಗದಲ್ಲಿ ಜೋಕಾಲಿ ಕಟ್ಟುತ್ತಿದ್ದ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಅವನ ಕೈಯಲ್ಲಿ ಬಿಗಿದದ್ದು ಸಡಿಲಾದ ಇತಿಹಾಸವಿಲ್ಲ. ಆ ವರ್ಷ ನನ್ನನ್ನು ಹಬ್ಬಕ್ಕೆ ಕರೆಯಲು ಅಣ್ಣ ಹುಬ್ಬಳ್ಳಿಯ ನನ್ನ ಗಂಡನ ಮನೆಗೆ ಬಂದಾಗ, ಪೇಟೆಯಲ್ಲಿ ನೀಲಿ ಬಣ್ಣದ ದಪ್ಪ ನೈಲಾನ್ ಹಗ್ಗ ಕಂಡಿತು. ಹಳೆ ಹಗ್ಗದ ಎಳೆ ಬಿಚ್ಚಿದ್ದು ನೆನಪಾಗಿ ಕೊಂಡೆ. ಅಪ್ಪ ಅದನ್ನು ಬೆರಳಲ್ಲಿ ತಿಕ್ಕಿ ನೋಡಿದ.

“ಭಾಳ ನುಣುಪೈತಿ ಇದು.”

“ಅಪ್ಪಾ, ಲಾರಿಯಾಗಿನ ಸಾಮಾನ ಕಟ್ತಾರ ಇದರಲೆ. ಅವ್ವನ ಭಾರ ತಡಿಯೂದಿಲ್ಲೇನು?” ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಪ್ಪ ಹಗ್ಗ ತೆಗೆದುಕೊಂಡು ಬೇವಿನ ಕಡೆ ನಡೆದ. ಒರಟು ಹಗ್ಗಕ್ಕೆ ಇಷ್ಟು ವರ್ಷ ಹಾಕುತ್ತಿದ್ದ ಗಂಟನ್ನೇ ಇದಕ್ಕೂ ಹಾಕಿದ. ಕೈ ತನ್ನ ರೂಢಿಯಂತೆ ನಡೆಯಿತು, ಹಗ್ಗ ಬೇರೆಯದು ಎನ್ನುವುದನ್ನು ಮರೆಯಿತು.

ಪಂಚಮಿಯ ಮಧ್ಯಾಹ್ನ. ಶ್ರಾವಣದ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಅಕ್ಕಪಕ್ಕದ ಹೆಂಗಸರೆಲ್ಲ ನಮ್ಮ ಹಿತ್ತಲಿಗೇ ಬಂದಿದ್ದರು. ಅವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹಲಗೆಯ ಮೇಲೆ ನಿಂತಳು. ಒಂದು ಕಡೆ ನಾನು, ಇನ್ನೊಂದು ಕಡೆ ಅಣ್ಣನ ಹೆಂಡತಿ, ನನ್ನ ವೈನಿ, ತೂಗಿದೆವು. ನಾಲ್ಕಾಯಿತು, ಐದಾಯಿತು. “ಜೋರ! ಇನ್ನೂ ಜೋರ!” ಎಂದು ಮೇಲಿಂದ ಅವ್ವ ಕೂಗುತ್ತಿದ್ದಳು, ಕೆಳಗಿಂದ ಹೆಂಗಸರು ಕೇಕೆ ಹಾಕುತ್ತಿದ್ದರು. ನನಗಂತೂ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಏಳನೇ ಜೀಕಿಗೆ ಅವ್ವ ಬಲಗಾಲು ಚಾಚಿದಳು. ಪೇರಲದ ಎಲೆಗಳು ಸರ್ರೆಂದು ಸದ್ದು ಮಾಡಿದವು. ಅದೇ ಗಳಿಗೆಗೆ ಬಲಗಡೆಯ ಹಗ್ಗ ಕೊಂಬೆಯಿಂದ ಸರಿದು ಬಂತು, ಹಲಗೆ ಓರೆಯಾಯಿತು, ಅವ್ವ ಕೆಳಗೆ ಬಿದ್ದಳು.

ಓಡಿ ಹೋಗಿ ನೋಡಿದರೆ ಎಡಗಾಲು ಹೊರಕ್ಕೆ ತಿರುಗಿಕೊಂಡಿತ್ತು. ಮುಖ ಬಿಳಿಚಿಕೊಂಡಿತ್ತು. ಕಣ್ಣು ಬಿಟ್ಟು ಅವ್ವ ಕೇಳಿದ ಮೊದಲ ಮಾತು: “ಟೊಂಗಿ ಮುಟ್ಟೇನೋ ಇಲ್ಲೋ?”

ಅಣ್ಣ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದ.

ಸತ್ತೂರಿನ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರು ನನಗಿಂತ ಚಿಕ್ಕವರು. ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಸೊಂಟದ ಕೀಲಿನ ಕೆಳಗೇ ತೊಡೆಯ ಎಲುಬು ಮುರಿದಿತ್ತು. ಮರುದಿನ ಮುಂಜಾನೆ ಆಪರೇಷನ್. ಒಳಗೊಂದು ರಾಡು ಕೂರಿಸಿ ಸ್ಕ್ರೂ ಹಾಕುವುದು. ಅಣ್ಣ ಕೇಳಿದ, “ನಡೀತಾರೇನ್ರಿ ಸರ್?”

“ನಡಸೂ ಸಲುವಾಗಿನ ಮಾಡೂದ್ರಿ. ಆದ್ರ ಮೊದಲಿನಂಗ ನಡೀತಾರ ಅಂತ ಇವತ್ತ ಹೇಳಾಕ ಆಗೂದಿಲ್ಲ.”

ಅವ್ವ ಹಾಸಿಗೆ ಹಿಡಿದರೆ? ಅವಳು ಕೂತು ನೀರು ಕುಡಿದದ್ದನ್ನೂ ನಾವು ನೋಡಿದವರಲ್ಲ.

ಡಾಕ್ಟರು ಬರೆದುಕೊಳ್ಳಲು ಪೆನ್ನು ತೆಗೆದರು. “ಹೆಂಗ ಬಿದ್ರಿ ಅಮ್ಮಾರ?”

“ಕಾಲ ಜಾರಿತ್ರಿ,” ಅವ್ವ ಥಟ್ಟನೆ ಅಂದಳು. “ಮಳಿ ಆಗಿತ್ತು, ಹಲಗಿ ಹಸಿ ಇತ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಸ್ಥಿತಿ. ತಲೆ ತಗ್ಗಿಸಿದೆ. ಅಪ್ಪ ಮಾತ್ರ ಎಕ್ಸ್‌ರೇಯಿಂದ ಕಣ್ಣು ಕೀಳಲಿಲ್ಲ. ಇದ್ದಕ್ಕಿದ್ದಂತೆ ಅವನೊಳಗಿನ ಫಿಟ್ಟರ್ ಎದ್ದು ಕೂತ. ರಾಡು ಯಾವ ಲೋಹದ್ದು, ಸ್ಕ್ರೂ ಎಷ್ಟು ಉದ್ದ, ಅದರ ಮೈಮೇಲಿನ ಸುರುಳಿ ಚೂಡಿ ಹೇಗಿರುತ್ತದೆ, ಒಳಗೆ ತಾನೇ ಸಡಿಲಾದರೆ ಏನು ಗತಿ ಎಂದು ಒಂದರ ಹಿಂದೊಂದು ಕೇಳಿದ. ಡಾಕ್ಟರಿಗೂ ಹುರುಪು ಬಂತು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಇಬ್ಬರೂ ಎಂಜಿನ್ನಿನ ಮುಂದೆ ನಿಂತ ಮಿಸ್ತ್ರಿಗಳ ಹಾಗೆ ಕಂಡರು.

“ಜಾರೂದಿಲ್ಲಲ್ರಿ ಸಾಹೇಬ್ರ?”

“ಇಲ್ರಿ ಅಜ್ಜಾರ.”

“ಯಾಕ ಕೇಳ್ತೇನಿ ಅಂದ್ರ,” ಅಪ್ಪನ ದನಿ ಒಡೆಯಿತು, “ನಾ ಹಾಕಿದ ಗಂಟು ಜಾರೈತ್ರಿ. ಇಕಿ ಕಾಲ ಜಾರಿಲ್ಲ.”

“ಅವರ ಮಾತ ಕೇಳಬ್ಯಾಡ್ರಿ,” ಅವ್ವ ನೋವಿನಲ್ಲೂ ತಲೆ ಎತ್ತಿದಳು. “ಬಿದ್ದಾಕಿ ನಾನೋ ಅವರೋ?”

“ಹಗ್ಗ ತಂದಾಕಿ ನಾ,” ಎಂದೆ ನಾನು.

“ಜೋರ ತೂಗಿದಾಕಿ ನಾನ್ರಿ,” ವೈನಿಯೂ ಅಳುತ್ತ ಸೇರಿಕೊಂಡಳು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. “ನಿಮ್ಮ ಪಂಚಾಯ್ತಿ ಆಮ್ಯಾಲೆ ಮಾಡ್ರಿ. ಮೊದಲ ರಕ್ತಾ ತಗಸ್ರಿ.” ನರ್ಸಿಗೆ ನಗು ತಡೆಯಲಾಗಲಿಲ್ಲ. ನಾವೂ ನಕ್ಕೆವು. ಅಪ್ಪ ಮಾತ್ರ ನಗಲಿಲ್ಲ.

ಮರುದಿನ ಮುಂಜಾನೆ ಅವ್ವನನ್ನು ಆಪರೇಷನ್ ಕೋಣೆಗೆ ಒಯ್ಯುವಾಗ ನಮ್ಮ ಇಡೀ ಬಳಗ ಅಲ್ಲಿ ಹಾಜರು. ವೈನಿ ಉಂಡಿಯ ಡಬ್ಬಿಯನ್ನೂ ತಂದಿದ್ದಳು. ಶೇಂಗಾ, ಎಳ್ಳು, ಪುಠಾಣಿ, ಎಲ್ಲ ಉಂಡಿಗಳೂ ಅದರಲ್ಲಿದ್ದವು. ನೋಡಲು ಬಂದವರಿಗೆ ಕೊಡಬೇಕಲ್ಲ. ಅವ್ವ ಮಲಗಿದಲ್ಲಿಂದಲೇ ಬೆರಳು ತೋರಿಸಿದಳು.

“ಮುಚ್ಚಳಾ ತಗೀಬ್ಯಾಡ್ರಿ. ನಾ ಟೊಂಗಿ ಮುಟ್ಟಿದ್ದನ್ನ ಯಾರರೆ ನೋಡೀರೇನು? ನೋಡಿದವರು ತಗೀರಿ.”

ನಾನು ನೋಡಿರಲಿಲ್ಲ, ತೂಗುವ ಭರದಲ್ಲಿ ಕಣ್ಣು ಹಲಗೆಯ ಮೇಲಿತ್ತು. ವೈನಿಯದೂ ಅದೇ ಕತೆ. ಕೇಕೆ ಹಾಕಿದ ನೆರೆಮನೆಯ ಹೆಂಗಸರು ಯಾರೂ ಅಲ್ಲಿರಲಿಲ್ಲ. ಅವ್ವ ಅಪ್ಪನ ಕಡೆ ತಿರುಗಿದಳು. “ನೀವು ಅಲ್ಲೇ ಇದ್ರೆಲ್ಲ?”

“ನಾ ನೋಡ್ಲಿಲ್ಲ,” ಅಪ್ಪ ಅಂದ. “ಗಂಟ ನೋಡಾಕತ್ತಿದ್ದೆ. ಅದು ಜಾರೂದು ಕಂಡ್ತು. ಕೂಗಬೇಕಂದ್ರ ಬಾಯಿ ಬರ್ಲಿಲ್ಲ.”

ಅವ್ವನನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುತ್ತಲೇ ನಾನು ಅಪ್ಪನ ಮೇಲೆ ಹರಿಹಾಯ್ದೆ. “ನೋಡೇನಿ ಅಂತ ಒಂದ ಸುಳ್ಳ ಹೇಳಿದ್ರ ಏನ್ ಹೋಗ್ತಿತ್ತು ನಿಂದು? ಖುಷಿಲೆ ಒಳಗ ಹೋಗ್ತಿದ್ಲು!” ಅಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದು ಕೂತ. ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು, ನಾಚಿಕೆಯಾಯಿತು. ಹೋಗಿ ಅವನ ಪಕ್ಕದಲ್ಲಿ ಕೂತೆ.

ಎರಡು ತಾಸಿನ ಮೇಲೆ ಡಾಕ್ಟರು ಹೊರಗೆ ಬಂದರು. “ಛಲೋ ಆಗೈತ್ರಿ. ಅಜ್ಜಾರ, ಸ್ಕ್ರೂ ಫಿಟ್ಟ ಕುಂತಾವು.” ಅಪ್ಪ ಎದ್ದು ಅವರ ಎರಡೂ ಕೈ ಹಿಡಿದುಕೊಂಡ. ಅಣ್ಣ ಕುಣಿಯುವುದೊಂದು ಬಾಕಿ. ನಾನು ಗೊತ್ತಿಲ್ಲದ ಒಬ್ಬ ಹೆಂಗಸನ್ನು ತಬ್ಬಿಕೊಂಡು ಅತ್ತೆ. ಅವರೂ ಯಾಕೋ ನನ್ನ ಜೊತೆ ಅತ್ತರು.

ಎರಡನೇ ದಿನ ವಾಕರ್ ಹಿಡಿಸಿ ನಿಲ್ಲಿಸಿದರು. ಅವ್ವ ಹಲ್ಲು ಕಚ್ಚಿಕೊಂಡು ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ನಾಲ್ಕಾಯಿತು. ಇಡೀ ವಾರ್ಡು ಚಪ್ಪಾಳೆ ತಟ್ಟಿತು. ಆಗ ಅವಳೇ ಹೇಳಿದಳು, “ಇನ್ನ ತಗೀರಿ ಡಬ್ಬಿ, ಎಲ್ಲಾರಿಗೂ ಕೊಡ್ರಿ. ಆದ್ರ ಇದು ನಿಂತಿದ್ದಕ್ಕ ಹೌದು, ಮುಟ್ಟಿದ್ದಕ್ಕಲ್ಲ.”

ಮನೆಗೆ ಬಂದ ಮೇಲೆ ಅವ್ವನ ನಡಿಗೆ ತಿಂಗಳು ತಿಂಗಳು ಸುಧಾರಿಸಿತು. ವಾಕರ್ ಹೋಗಿ ಕೋಲು ಬಂತು. ಅಪ್ಪ ಮಾತ್ರ ಕುಂಟಿದ. ಹಗ್ಗ ಕಂಡರೆ ಮುಖ ತಿರುವುತ್ತಿದ್ದ. ಬಟ್ಟೆ ಒಣಹಾಕುವ ತಂತಿಯನ್ನು ಸಹ ಅಣ್ಣನೇ ಕಟ್ಟಬೇಕಾಯಿತು. “ಈ ಕೈಲೆ ಇನ್ನ ಏನೂ ಕಟ್ಟೂದಿಲ್ಲ” ಎಂದುಬಿಟ್ಟಿದ್ದ.

ಮತ್ತೆ ಪಂಚಮಿ ಬಂತು. ನಾನು ತವರಿಗೆ ಹೋದಾಗ ಬೇವಿನ ಮರ ಬರಿದಾಗಿತ್ತು. ಅವ್ವ ಕೋಲೂರಿಕೊಂಡು ಅಟ್ಟದ ಕೆಳಗೆ ಹೋಗಿ, ಹಳೆಯ ಪುಂಡಿನಾರಿನ ಹಗ್ಗವನ್ನು ಎಳೆದು ತಂದು ಅಪ್ಪನ ಮುಂದೆ ಹಾಕಿದಳು.

“ಕಟ್ಟಾಕ ಬರತೈತೋ, ನಾ ಕಟ್ಟಲೋ?”

ಅಪ್ಪ ಬಹಳ ಹೊತ್ತು ಹಗ್ಗ ನೋಡಿದ. ಆಮೇಲೆ ಎದ್ದ. ಎಳೆ ಎಳೆ ಪರೀಕ್ಷೆ ಮಾಡಿ, ಬಿಚ್ಚಿದ್ದನ್ನು ಮತ್ತೆ ಹೊಸೆದು, ಗಂಟಿನ ಮೇಲೆ ಗಂಟು ಹಾಕಿ ಕಟ್ಟಿದ. ಕಟ್ಟಿ ಮುಗಿಸಿ, ಎಂದೂ ಜೋಕಾಲಿ ಹತ್ತದ ಆ ಮನುಷ್ಯ ತಾನೇ ಹಲಗೆಯ ಮೇಲೆ ಕೂತು ಧಪ್ ಧಪ್ ಎಂದು ಭಾರ ಹಾಕಿದ. ನೆರೆಮನೆಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವನು ಲೆಕ್ಕಿಸಲಿಲ್ಲ.

ಅವ್ವ ಈ ಸಲ ಕೂತಳು. ಕೋಲು ಬಿಡಲಿಲ್ಲ, ಕಂಕುಳಲ್ಲೇ ಇಟ್ಟುಕೊಂಡಳು. ತೂಗಲು ನಾವು ಮುಂದೆ ಬಂದರೆ ಅಪ್ಪ ಬಿಡಲಿಲ್ಲ. ಬೆನ್ನ ಹಿಂದೆ ನಿಂತು ತಾನೇ ಮೆಲ್ಲಗೆ ತೂಗಿದ. ಮೂರನೇ ಜೀಕಿಗೆ ಅವ್ವ ಥಟ್ಟನೆ ಕೋಲು ಎತ್ತಿ ಚಾಚಿದಳು. ಪೇರಲದ ಟೊಂಗೆಗೆ ಫಟ್ ಎಂದು ಬಡಿಯಿತು. ಎಲೆಯಲ್ಲಿ ನಿಂತಿದ್ದ ಮಳೆನೀರೆಲ್ಲ ಅವಳ ಮೇಲೆ ಸುರಿಯಿತು.

“ಮುಟ್ಟೇನೋ ಇಲ್ಲೋ?”

“ಮುಟ್ಟಿದಿ,” ಅಪ್ಪ ಅಂದ. “ಕಣ್ಣಾರೆ ನೋಡೇನಿ.”

ಡಬ್ಬಿಯ ಮುಚ್ಚಳವನ್ನು ತಾನೇ ತೆಗೆದು, ಒಂದು ಶೇಂಗಾ ಉಂಡಿ ಅವ್ವನ ಕೈಗೆ ಕೊಟ್ಟ. ಅವಳು ಇನ್ನೊಂದು ಕೈಯನ್ನೂ ಚಾಚಿದಳು.

“ಹೋದ ವರ್ಷದ್ದು?”

“ಹೋದ ವರ್ಷದ್ದು ನಾ ನೋಡಿಲ್ಲ.”

ನಾನು ಹಣೆ ಬಡಿದುಕೊಂಡೆ. ಅವ್ವ ಮಾತ್ರ ಬಿದ್ದು ಬಿದ್ದು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಉಂಡಿಯನ್ನು ಮಡಿಲಲ್ಲಿಟ್ಟುಕೊಂಡು ಹಗ್ಗ ಗಟ್ಟಿಯಾಗಿ ಹಿಡಿದಳು.

“ಹಂಗಾರ ಇನ್ನೊಮ್ಮೆ ತೂಗ್ರಿ. ಈ ಸಲ ಜೋರ.”

ಅಪ್ಪ ತೂಗಿದ.