ಕೂದಲೆಳೆಯಷ್ಟು ಅವಸರ

ಫರ್ಮನ್ ಗ್ಯಾಸ್ಕ್ ಕಳೆದ ಮಂಗಳವಾರ ತೀರಿಕೊಂಡ. ಎಪ್ಪತ್ತಾರು ವರ್ಷ. ಸೋಮವಾರ ಮಧ್ಯಾಹ್ನ ನಿದ್ದೆಗೆ ಜಾರಿದವನು ಮತ್ತೆ ಏಳಲಿಲ್ಲ.

ಓಷನ್ ಡ್ರೈವ್ ಕಡಲತೀರದ ನಮ್ಮ 'ವಿನ್ಯಾ ಸಿಕ್ಸ್' ತಂಡದಲ್ಲಿ ಅವನು ನಲವತ್ತೆಂಟು ವರ್ಷ ಡ್ರಮ್ ಬಾರಿಸಿದ. ಅಷ್ಟೂ ವರ್ಷ ನಾನು ಪಕ್ಕದಲ್ಲಿ ಬೇಸ್ ಗಿಟಾರ್ ಹಿಡಿದು ನಿಂತಿದ್ದೆ. ಬೇಸಿಗೆ ಬಂದರೆ ಅವೇ ಮದುವೆಗಳು, ಅದೇ ಮರಳು ಮೆತ್ತಿದ ವ್ಯಾನು, ಬೇರೆಯವರ ಅವೇ ಹಳೆಯ ಹಾಡುಗಳು. ನಮ್ಮದೇ ಹಾಡುಗಳ ಆಲ್ಬಮ್ ಮಾಡಿದ್ದು ಒಂದೇ ಸಲ, 1981ರಲ್ಲಿ. ಹತ್ತೂ ಹಾಡು ಬರೆದವನು ಫರ್ಮನ್.

ಸ್ಟುಡಿಯೋದಲ್ಲಿ ಅವನು ಹೆದರಿದ್ದ. ಅವನ ಕೈ ಓಡಿ ಹಾಡುಗಳು ಕೂದಲೆಳೆಯಷ್ಟು ಅವಸರಕ್ಕೆ ಬಿದ್ದವು. ನಾವೂ ಜೊತೆಗೇ ಓಡಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ಶ್ಯಾಗ್ ಕುಣಿಯುವವರ ಕಾಲಿಗೆ ತಿಳಿಯಿತು. ನಮ್ಮ ತೀರದ ಆ ನಿಧಾನದ ಜೋಡಿ ಕುಣಿತವೆಲ್ಲ ಮಂಡಿಯ ಕೆಳಗೆ. ಮೇಲೆ ಕೈಯಲ್ಲಿರುವ ಬಿಯರ್ ತುಳುಕಬಾರದು. ಕ್ಲಬ್ಬಿನಲ್ಲಿ ಮೊದಲ ಸಲ ನಮ್ಮ ರೆಕಾರ್ಡು ಹಾಕಿದಾಗ ಜೋಡಿಗಳು ಎದ್ದರು, ನಾಲ್ಕು ಹೆಜ್ಜೆ ಹಾಕಿದರು, ಹೋಗಿ ಕೂತರು. ಅವರು ಬಯ್ಯುವವರಲ್ಲ, ಕೂತುಬಿಡುತ್ತಾರೆ. ಎಲ್ಲರಿಗೂ ಕುಣಿತ ಕಲಿಸಿದ್ದ ಮಿಸ್ ಇನೆಜ್ ಮಾತ್ರ ಫರ್ಮನ್‌ನ ಕೆನ್ನೆ ತಟ್ಟಿ ಹೇಳಿದರು: "ಹಾಡು ಚೆನ್ನಾಗೇ ಇದೆ ಮಗಾ. ಕಾಲು ಒಪ್ತಿಲ್ಲ, ಏನ್ ಮಾಡ್ಲಿ?"

ಮತ್ತೆ ಯಾರೂ ಆ ರೆಕಾರ್ಡು ಹಾಕಲಿಲ್ಲ.

ನಮ್ಮ ಹಾಡುಗಾರ ಲಾನಿ ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಕೆಣಕುತ್ತಿದ್ದ: "ಏ ಫರ್ಮನ್, ಇವತ್ತೂ ಬಸ್ ಹಿಡೀಬೇಕೇನೋ?" ಫರ್ಮನ್ ನಗುತ್ತಿದ್ದ. ಆ ರೆಕಾರ್ಡಿನ ನಂತರ ಒಂದು ದಿನವೂ ಅವನ ಕೈ ಓಡಲಿಲ್ಲ. ವ್ಯಾನಿನಲ್ಲಿ ನಾವಿಬ್ಬರೇ ಇದ್ದಾಗ ಮಾತ್ರ ಹೇಳುತ್ತಿದ್ದ: "ಒಂದೇ ಒಂದ್ಸಲ ಆ ರೆಕಾರ್ಡಿಗೆ ಯಾರಾದ್ರೂ ಕುಣಿಯೋದನ್ನ ನೋಡ್ಬೇಕು ಕಣೋ ಡೆಲ್ಮಸ್."

ನಲವತ್ತು ವರ್ಷ ಕೇಳಿ ನನಗೂ ಸಾಕಾಗಿತ್ತು. ಹೂಂ ಅನ್ನುತ್ತಿದ್ದೆ.

ಆ ಕೊನೆಯ ಸೋಮವಾರ ಬೆಳಿಗ್ಗೆ, ವೇಗ ತಗ್ಗಿಸುವ ಹಿಡಿಯಿದ್ದ ಪ್ಲೇಯರೊಂದನ್ನು ಕ್ಲಬ್ಬಿನಿಂದ ಕೇಳಿ ತಂದೆ. ಕಾಯಿಲೆ ಬಿದ್ದಿದ್ದ ಅವನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟು ರೆಕಾರ್ಡು ಹಾಕಿ, ಅವನ ಹೆಂಡತಿ ವರ್ಲೀನಳಿಗೆ ಕೈ ಚಾಚಿದೆ.

"ಹುಚ್ಚಾ ನಿಂಗೆ? ನನ್ನ ಮಂಡಿ ಹೋಗಿ ಹತ್ತು ವರ್ಷ ಆಯ್ತು."

"ಮಂಡಿ ಕೆಳಗಿಂದು ಇದೆಯಲ್ಲ," ಫರ್ಮನ್ ದಿಂಬಿನಿಂದಲೇ ಅಂದ, "ಅಷ್ಟು ಸಾಕು."

ನಾನು ಹಿಡಿಯನ್ನು ಕೆಳಗಿಳಿಸಿದೆ. ರೆಕಾರ್ಡಿನಲ್ಲಿ ಲಾನಿಯ ದನಿ ದಪ್ಪಗಾಯಿತು.

"ನೆಗಡಿ ಆಯ್ತು ನೋಡು ಅವನಿಗೆ," ಅಂದ ಫರ್ಮನ್.

ಇಬ್ಬರು ಮುದುಕರು ಕಾಲುಚೀಲದಲ್ಲಿ ಹೆಜ್ಜೆ ಹಾಕಿದೆವು. ಅವನು ನಮ್ಮ ಮುಖ ನೋಡಲಿಲ್ಲ, ಪಾದಗಳನ್ನೇ ನೋಡಿದ. ವರ್ಲೀನ್ ತಡವರಿಸಿದಳು.

"ಇನ್ನೂ ಓಡ್ತಿದೆ," ಅಂದ.

ಹೊದಿಕೆಯೊಳಗಿಂದ ಕೈ ತೆಗೆದು, ಸ್ಟೂಲಿನವರೆಗೂ ಚಾಚಿ, ಆ ಹಿಡಿಯನ್ನು ಇನ್ನೊಂದು ಕೂದಲೆಳೆಯಷ್ಟು ಕೆಳಗಿಳಿಸಿದ.